ವೈದ್ಯರು ಬರುವುದಕ್ಕೆ ಮುನ್ನ

ಕೆಲವು ವರ್ಷಗಳ ಹಿಂದೆ, ಮದುವೆಗಳ ಕಾಲದಲ್ಲಿ, ಒಂದು ತಾಲ್ಲೂಕು ಊರಿನ ಬಸ್ಸು ನಿಲ್ದಾಣದಲ್ಲಿ ನಾವು ಬಸ್ಸಿಗಾಗಿ ಕಾದಿದ್ದೆವು. ಬೆಳಗಿನ ಹತ್ತು ಗಂಟೆಯ ಸಮಯ. ನಮ್ಮಿಂದ ಎರಡು ಮಾರು ದೂರದಲ್ಲಿ ಸುಮಾರು ಅರವತ್ತು ವರ್ಷ ವಯಸ್ಸಿನ ಗೃಹಸ್ಥರೊಬ್ಬರು ನಿಂತಿದ್ದರು. ಬಿಳಿಯ ಪಂಚೆ, ಹೆಗಲ ಮೇಲೆ ಮಡಿಸಿದ ಶಲ್ಯ, ಕೈಯಲ್ಲಿ ಒಂದು ಬಟ್ಟೆಯ ಚೀಲ; ಚೀಲದ ಬಾಯಿಂದ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು ಕಾಣುತ್ತಿತ್ತು. ಮನೆಯಲ್ಲಿ ಮಗಳದೋ ಮಗನದೋ ಮದುವೆ ಇರಬೇಕೆಂದು ನಾವು ಊಹಿಸಿಕೊಳ್ಳುತ್ತಿರುವಷ್ಟರಲ್ಲಿಯೇ ಆ ಮಹನೀಯರು ಪಕ್ಕದ ಕಂಬವನ್ನು ಹಿಡಿಯಲು ಕೈ ಚಾಚಿ, ಹಿಡಿಯಲಾರದೆ, ನೆಲಕ್ಕೆ ಕುಸಿದುಬಿದ್ದರು.

ಕ್ಷಣಾರ್ಧದಲ್ಲಿ ಜನ ಸೇರಿತು. ಒಬ್ಬನು ‘ಗಾಳಿ ಬಿಡಿ, ಗಾಳಿ ಬಿಡಿ’ ಎಂದು ಕೂಗುತ್ತ ತಾನೇ ಮತ್ತಷ್ಟು ಹತ್ತಿರಕ್ಕೆ ಬಂದನು. ಮತ್ತೊಬ್ಬನು ಇದು ಮೂರ್ಛೆರೋಗವೆಂದು ನಿಶ್ಚಯಿಸಿ, ತನ್ನ ಬೀಗದ ಕೈಗಳ ಗೊಂಚಲನ್ನು ಅವರ ಅಂಗೈಯಲ್ಲಿರಿಸಿ ಬೆರಳುಗಳನ್ನು ಮಡಿಸಿದನು. ಹೋಟೆಲಿನ ಹುಡುಗನು ಸೋಡಾ ತಂದನು. ವೃದ್ಧೆಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು, ತಮ್ಮ ಬಳಿಯಿದ್ದ ಬಾಟಲಿಯಿಂದ ಎರಡು ಗುಟುಕು ನೀರನ್ನು ಅವರ ತುಟಿಗಳ ನಡುವೆ ಬಿಟ್ಟರು. ಅದು ಕಟವಾಯಿಯಿಂದ ಹೊರಕ್ಕೆ ಹರಿದುಹೋಯಿತು. ಇಬ್ಬರು ಮೂವರು ಯುವಕರು ಮೊಬೈಲು ಫೋನುಗಳನ್ನು ತಲೆಯ ಮೇಲಕ್ಕೆತ್ತಿ ಚಿತ್ರ ತೆಗೆಯುತ್ತಿದ್ದರು. ಬಿದ್ದವರು ಆಗೊಮ್ಮೆ ಈಗೊಮ್ಮೆ ಗೊರಕೆಯಂತಹ ಉಸಿರನ್ನು ಎಳೆಯುತ್ತಿದ್ದುದರಿಂದ, ‘ಉಸಿರಾಡುತ್ತಿದ್ದಾರೆ, ಭಯವಿಲ್ಲ’ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡರು. ನಾವೇನು ಮಾಡಿದೆವೆಂದು ವಾಚಕರು ಕೇಳಬಹುದು. ಲಗ್ನಪತ್ರಿಕೆಗಳು ಕಾಲ್ತುಳಿತಕ್ಕೆ ಸಿಕ್ಕಬಾರದೆಂದು ಚೀಲವನ್ನು ಎತ್ತಿ ಹಿಡಿದುಕೊಂಡಿದ್ದೆವು. ಅದಕ್ಕಿಂತ ಹೆಚ್ಚಿನದೇನನ್ನೂ ನಾವು ಮಾಡಲಿಲ್ಲ.

ಆಂಬುಲೆನ್ಸಿಗೆ ಯಾರಾದರೂ ಫೋನು ಮಾಡಿರಬೇಕೆಂದು ಪ್ರತಿಯೊಬ್ಬರೂ ಭಾವಿಸಿದ್ದರು. ಆದಕಾರಣ ಯಾರೂ ಮಾಡಿರಲಿಲ್ಲ. ಹದಿನೈದು ನಿಮಿಷಗಳಾದ ಮೇಲೆ ಆಟೋರಿಕ್ಷಾದ ಚಾಲಕನೊಬ್ಬನು ಗುಂಪನ್ನು ಬೈದು ಸರಿಸಿ, ಅವರನ್ನು ತನ್ನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟನು. ಚೀಲವು ನಮ್ಮ ಕೈಯಲ್ಲಿದ್ದುದರಿಂದ ನಾವೂ ಹೋದೆವು. ಅಲ್ಲಿದ್ದ ಯುವ ವೈದ್ಯೆಯು ಒಂದು ಸಲ ಕುತ್ತಿಗೆಯನ್ನು ಮುಟ್ಟಿ ನೋಡಿ, ತಲೆಯೆತ್ತಿ, ‘ಬಿದ್ದು ಎಷ್ಟು ಹೊತ್ತಾಯಿತು? ಯಾರಾದರೂ ಎದೆ ಒತ್ತಿದಿರಾ?’ ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ನಾವು ಉತ್ತರ ಹೇಳಿದೆವು. ಎರಡನೆಯದು ನಮಗೆ ಅರ್ಥವೇ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರ ಮಗ ಬಂದರು. ನಾವು ಚೀಲವನ್ನು ಒಪ್ಪಿಸಿದೆವು. ಅವರು ಎರಡೂ ಕೈಗಳನ್ನು ಜೋಡಿಸಿ, ‘ಯಾರೂ ಇಲ್ಲದ ಕಡೆಯಲ್ಲಿ ಅಪ್ಪನ ಹತ್ತಿರ ನೀವಾದರೂ ಇದ್ದಿರಲ್ಲ, ನಿಮ್ಮಿಂದ ಬಹಳ ಉಪಕಾರವಾಯಿತು’ ಎಂದರು. ಆ ನಮಸ್ಕಾರವು ಇಂದಿಗೂ ನಮಗೆ ಜೀರ್ಣವಾಗಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೇ ಕಾರಣ.

ಆ ದಿನ ನಡೆದುದೇನೆಂಬುದನ್ನು ನಾವು ಅನಂತರ ತಿಳಿದವರಿಂದ ಕೇಳಿ ತಿಳಿದುಕೊಂಡೆವು. ಹೃದಯಾಘಾತ, ಹೃದಯಸ್ತಂಭನ ಎಂಬ ಎರಡು ಮಾತುಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಅವು ಒಂದೇ ಅಲ್ಲ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತವನ್ನೊಯ್ಯುವ ನಾಳವು ಮುಚ್ಚಿಕೊಳ್ಳುವುದು. ರೋಗಿಗೆ ಎದೆ ಬಿಗಿಯುತ್ತದೆ, ಬೆವರು ಸುರಿಯುತ್ತದೆ, ನೋವು ಎಡದೋಳಿಗೋ ದವಡೆಗೋ ಹಬ್ಬುತ್ತದೆ. ಆದರೆ ಪ್ರಜ್ಞೆಯಿರುತ್ತದೆ, ಮಾತನಾಡುತ್ತಾನೆ. ಅದನ್ನು ‘ಗ್ಯಾಸು’ ಎಂದು ತಳ್ಳಿಹಾಕಿ ಜೀರಿಗೆಯ ಕಷಾಯ ಕುಡಿದು ಮಲಗುವುದು ನಮ್ಮ ಮನೆಗಳಲ್ಲಿ ನಡೆದುಬಂದ ದೊಡ್ಡ ತಪ್ಪು. ಹೃದಯಸ್ತಂಭನವೆಂದರೆ ಹೃದಯವು ಬಡಿಯುವುದನ್ನೇ ನಿಲ್ಲಿಸುವುದು, ಇಲ್ಲವೆ ಬಡಿಯದೆ ಸುಮ್ಮನೆ ಅದುರುತ್ತಿರುವುದು. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಸ್ತಂಭನವಾದವನು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನಿಗೆ ಕೆಲವು ನಿಮಿಷಗಳ ಕಾಲ ಬಿಟ್ಟು ಬಿಟ್ಟು ಬರುವ ಮೇಲುಸಿರು ಉಸಿರಾಟವೇ ಅಲ್ಲ. ಬಸ್ಸು ನಿಲ್ದಾಣದಲ್ಲಿ ನಮಗೆಲ್ಲ ಸಮಾಧಾನ ಕೊಟ್ಟ ಆ ಗೊರಕೆಯೇ ಅಪಾಯದ ಗುರುತಾಗಿತ್ತು.

ರಕ್ತದ ಓಟವು ನಿಂತ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡಲಾರಂಭಿಸುತ್ತದೆ. ಯಾರೂ ಕೈಹಾಕದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಎಷ್ಟೇ ವೇಗವಾಗಿ ಬಂದರೂ ಆಂಬುಲೆನ್ಸು ಈ ಅವಧಿಯೊಳಗೆ ಬಂದು ಮುಟ್ಟುವುದು ದೊಡ್ಡ ಪಟ್ಟಣಗಳಲ್ಲಿಯೂ ಕಷ್ಟ. ಹೀಗಿರುವಲ್ಲಿ, ಆ ಮೊದಲ ಹತ್ತು ನಿಮಿಷಗಳ ವೈದ್ಯನೆಂದರೆ ಪಕ್ಕದಲ್ಲಿ ನಿಂತಿರುವವನೇ: ತರಕಾರಿ ಕೊಳ್ಳಲು ಬಂದವನು, ಬಸ್ಸಿಗೆ ಕಾದವನು, ದೇವಸ್ಥಾನದಲ್ಲಿ ಸಾಲಿನಲ್ಲಿ ಹಿಂದೆ ನಿಂತವಳು.

ಅವರು ಮಾಡಬೇಕಾದ ಕೆಲಸವನ್ನು ಕಂಡುಹಿಡಿದ ಕಥೆಯು ಸ್ವಾರಸ್ಯವಾಗಿದೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೌವೆನ್‌ಹೋವೆನ್ ಎಂಬ ಪ್ರಾಧ್ಯಾಪಕರಿದ್ದರು. ಇವರು ವೈದ್ಯರಲ್ಲ, ವಿದ್ಯುತ್ ಇಂಜಿನಿಯರು. ನಿಂತ ಹೃದಯವನ್ನು ವಿದ್ಯುತ್ತಿನ ಆಘಾತದಿಂದ ಮತ್ತೆ ನಡೆಯಿಸುವ ಯಂತ್ರವನ್ನು ಇವರು ನಾಯಿಗಳ ಮೇಲೆ ಪ್ರಯೋಗಿಸುತ್ತಿದ್ದರು. ಸುಮಾರು 1958ರಲ್ಲಿ ಅವರ ಶಿಷ್ಯರಾದ ಗೈ ನಿಕರ್‌ಬಾಕರ್ ಎಂಬವರು, ಯಂತ್ರದ ಭಾರವಾದ ಫಲಕಗಳನ್ನು ಎದೆಯ ಮೇಲೆ ಒತ್ತಿ ಹಿಡಿದಾಗ, ವಿದ್ಯುತ್ತು ಹರಿಯುವುದಕ್ಕೆ ಮುಂಚೆಯೇ ನಾಯಿಯ ರಕ್ತದ ಒತ್ತಡವು ಸ್ವಲ್ಪ ಏರುವುದನ್ನು ಗಮನಿಸಿದರು. ಮತ್ತೊಬ್ಬರಾದರೆ ಅಳತೆಯ ದೋಷವೆಂದು ಬಿಟ್ಟುಬಿಡುತ್ತಿದ್ದರೋ ಏನೋ. ಶಸ್ತ್ರವೈದ್ಯರಾದ ಜೇಮ್ಸ್ ಜೂಡ್ ಅವರೂ ಜೊತೆಗೂಡಿದರು. ಎದೆಯನ್ನು ಕೊಯ್ಯದೆ, ಹೊರಗಿನಿಂದ ಒತ್ತಿಯೇ ರಕ್ತವನ್ನು ಓಡಿಸಬಹುದೆಂದು ಮೂವರೂ 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಎದೆಯನ್ನು ಸೀಳಿ ಹೃದಯವನ್ನು ಕೈಯಿಂದ ಹಿಚುಕುವುದೇ ಕ್ರಮವಾಗಿತ್ತು. ಅದು ಶಸ್ತ್ರವೈದ್ಯರಿಗೆ ಮಾತ್ರ ಸಾಧ್ಯವಾದ ಕಾರ್ಯ. ಈಗ ಬೇಕಾದುದು ಎರಡು ಕೈಗಳು ಮಾತ್ರ ಎಂಬಂತಾಯಿತು.

ಕ್ರಮವು ಹೀಗಿದೆ. ಬಿದ್ದವನ ಹೆಗಲನ್ನು ತಟ್ಟಿ ಗಟ್ಟಿಯಾಗಿ ಕೂಗಿರಿ. ಉತ್ತರವಿಲ್ಲದೆ, ಉಸಿರಾಟವೂ ಇಲ್ಲದೆ ಅಥವಾ ಮೇಲುಸಿರು ಮಾತ್ರ ಇದ್ದರೆ ಹೃದಯವು ನಿಂತಿದೆಯೆಂದೇ ತಿಳಿಯತಕ್ಕದ್ದು. ಗುಂಪನ್ನು ಉದ್ದೇಶಿಸಿ ‘ಯಾರಾದರೂ ಫೋನು ಮಾಡಿ’ ಎನ್ನಬೇಡಿರಿ. ಒಬ್ಬನ ಕಡೆಗೆ ಬೆರಳು ತೋರಿಸಿ, ‘ನೀಲಿ ಅಂಗಿಯವರೇ, ನೀವು 108ಕ್ಕೆ ಫೋನು ಮಾಡಿ’ ಎನ್ನಿರಿ. ಬಿದ್ದವನನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಯ ನಟ್ಟನಡುವೆ, ಎಲುಬಿನ ಕೆಳ ಅರ್ಧದ ಮೇಲೆ ಇಟ್ಟು, ಮತ್ತೊಂದು ಕೈಯನ್ನು ಅದರ ಮೇಲಿರಿಸಿ, ಮೊಣಕೈಗಳನ್ನು ಮಡಿಸದೆ, ಮೈಭಾರವನ್ನೆಲ್ಲ ಬಿಟ್ಟು ಒತ್ತಬೇಕು. ಎದೆಯು ಎರಡು ಅಂಗುಲಗಳಷ್ಟು ತಗ್ಗಬೇಕು. ಒಂದೊಂದು ಸಲವೂ ಅದು ಪೂರ್ತಿಯಾಗಿ ಮೇಲಕ್ಕೇಳುವಂತೆ ಭಾರವನ್ನು ಸಡಿಲಿಸಬೇಕು. ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಗಳಲ್ಲಿ ಎಂಥವರಿಗಾದರೂ ತೋಳು ಸೋಲುತ್ತದೆ. ಆಗ ಮತ್ತೊಬ್ಬರು ಮುಂದುವರಿಸಬೇಕು. ಆಂಬುಲೆನ್ಸು ಬರುವವರೆಗೆ, ಇಲ್ಲವೆ ಮನುಷ್ಯನು ಅಲುಗಾಡಿ ಉಸಿರು ತೆಗೆದುಕೊಳ್ಳುವವರೆಗೆ ನಿಲ್ಲಿಸಬಾರದು. ಕಲಿಯದವರು ಬಾಯಿಗೆ ಬಾಯಿಟ್ಟು ಊದಬೇಕಾಗಿಲ್ಲ, ಒತ್ತಿದರೆ ಸಾಕು. ನೀರಿನಲ್ಲಿ ಮುಳುಗಿದವರಿಗೂ ಮಕ್ಕಳಿಗೂ ಮಾತ್ರ ಉಸಿರು ಊದುವುದು ಮುಖ್ಯವಾದುದರಿಂದ ಅದನ್ನು ತರಗತಿಯಲ್ಲಿ ಕಲಿತಿರುವುದು ಒಳ್ಳೆಯದು. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯನ್ನು ಕಲಿಸುತ್ತವೆ.

ಪಕ್ಕೆಲುಬು ಮುರಿದರೆ? ಈ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳಿದೆವು. ಕಲಿಸುವವರು ನಕ್ಕರು. ಮುರಿಯುವುದುಂಟು, ವಯಸ್ಸಾದವರಲ್ಲಿ ಅನೇಕ ವೇಳೆ ಮುರಿಯುತ್ತದೆ; ಮುರಿದ ಎಲುಬು ಕೂಡಿಕೊಳ್ಳುತ್ತದೆ, ಎಂದರು. ಒತ್ತಿದವರೆಲ್ಲ ಬದುಕುತ್ತಾರೆಂದು ವಾಚಕರು ತಿಳಿಯಬಾರದು, ಹೆಚ್ಚಿನವರು ಬದುಕುವುದಿಲ್ಲ. ಆದರೂ ಡೆನ್ಮಾರ್ಕ್ ದೇಶದ ಲೆಕ್ಕವನ್ನು ನೋಡಬಹುದು. ಅಲ್ಲಿ 2005ರಿಂದ ಶಾಲೆಯ ಮಕ್ಕಳಿಗೂ, 2006ರಿಂದ ವಾಹನ ಚಾಲನೆಯ ಪರವಾನಗಿ ಬೇಡುವವರಿಗೂ ಇದನ್ನು ಕಲಿಸುವುದು ಕಡ್ಡಾಯವಾಯಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತು ಬಿದ್ದವರಲ್ಲಿ, ಸುತ್ತಲಿದ್ದವರು ಎದೆಯೊತ್ತಿದ ಪ್ರಸಂಗಗಳು 2001ರಲ್ಲಿ ನೂರಕ್ಕೆ 21ರಷ್ಟಿದ್ದುವು, 2010ರಲ್ಲಿ 45ರಷ್ಟಾದುವು. ಒಂದು ತಿಂಗಳ ಮೇಲೂ ಬದುಕುಳಿದವರ ಪ್ರಮಾಣವು ಅದೇ ಅವಧಿಯಲ್ಲಿ ನೂರಕ್ಕೆ 3.5ರಿಂದ 10.8ಕ್ಕೆ ಏರಿತು. ಇದೇ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ 2021ರ ಜೂನ್ 12ರಂದು, ಸಾವಿರಾರು ಜನರ ಕಣ್ಣೆದುರಿಗೆ, ಕಾಲ್ಚೆಂಡಾಟಗಾರ ಕ್ರಿಶ್ಚಿಯನ್ ಎರಿಕ್ಸೆನ್ ಮೈದಾನದಲ್ಲಿ ಕುಸಿದುಬಿದ್ದನು. ಅಲ್ಲಿಯೇ ಎದೆಯೊತ್ತಿ, ವಿದ್ಯುತ್ ಆಘಾತ ಕೊಟ್ಟು ಅವನನ್ನು ಉಳಿಸಿದರು. ಮರುವರ್ಷ ಅವನು ಮತ್ತೆ ಆಡಿದನು. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ವಯಸ್ಸು ಚಿಕ್ಕದೆಂದು ನಿಶ್ಚಿಂತರಾಗಿರುವಂತಿಲ್ಲ.

ನಮ್ಮ ಜನಕ್ಕೆ ದಯೆಯಿಲ್ಲವೆಂದು ಕೆಲವರು ದೂರುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಆ ಬೀಗದ ಕೈ, ಆ ಸೋಡಾ, ಆ ನೀರು ಎಲ್ಲವೂ ದಯೆಯೇ. ಕೈಗೆ ತಿಳಿವಳಿಕೆ ಮಾತ್ರ ಇರಲಿಲ್ಲ. ಮತ್ತೊಂದು ಕಾರಣವು ಭಯ: ಪೊಲೀಸು, ಕೋರ್ಟು, ಸಾಕ್ಷಿ, ಅಲೆದಾಟ. ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವೂ ಇತ್ತು. ಸ್ಕೂಟರು ಸವಾರನೊಬ್ಬನಿಗೆ ಕಾರು ಬಡಿದು, ಹತ್ತಿರದ ಆಸ್ಪತ್ರೆಗೆ ಒಯ್ದರೆ, ಇದು ಪೊಲೀಸ್ ಮೊಕದ್ದಮೆಯಾದುದರಿಂದ 20 ಕಿಲೋಮೀಟರು ದೂರದ ಬೇರೊಂದು ಆಸ್ಪತ್ರೆಗೆ ಹೋಗಿರೆಂದು ಅಲ್ಲಿಯವರು ಕಳುಹಿಸಿದರು. ಅವನು ದಾರಿಯಲ್ಲಿಯೇ ತೀರಿಕೊಂಡನು. ಈ ವೃತ್ತಪತ್ರಿಕೆಯ ಸುದ್ದಿಯನ್ನು ಹಿಡಿದು ಪರಮಾನಂದ ಕಟಾರಾ ಎಂಬವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನೂ ಮೊದಲು ಪ್ರಾಣವನ್ನು ಉಳಿಸಲು ಬದ್ಧನು, ಕಾಗದಪತ್ರಗಳು ಆಮೇಲೆ ಎಂದು 1989ರಲ್ಲಿ ತೀರ್ಪಾಯಿತು. ಅಪಘಾತಕ್ಕೆ ಸಿಕ್ಕಿದವರಿಗೆ ನೆರವಾದವರನ್ನು ಪೀಡಿಸಕೂಡದೆಂಬ ನಿಯಮಗಳಿಗೆ ಅದೇ ನ್ಯಾಯಾಲಯವು 2016ರ ಮಾರ್ಚಿ 30ರಂದು ಕಾನೂನಿನ ಬಲ ಕೊಟ್ಟಿತು. ಮೋಟಾರು ವಾಹನಗಳ ಕಾನೂನಿಗೆ 2019ರ ತಿದ್ದುಪಡಿಯಿಂದ ಸೇರಿದ 134ಎ ಕಲಮು ಇದನ್ನು ಶಾಸನದಲ್ಲಿಯೇ ಹೇಳುತ್ತದೆ. ಕರ್ನಾಟಕವು ಇದಕ್ಕಾಗಿ ತನ್ನದೇ ಆದ ಕಾನೂನನ್ನು 2016ರಲ್ಲಿ ರಚಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತವು 2018ರಲ್ಲಿ ದೊರೆಯಿತು. ನೆರವಾದವನು ಹೆಸರು ಹೇಳಲಿಚ್ಛಿಸದಿದ್ದರೆ ಹೇಳಬೇಕಾಗಿಲ್ಲ. ಆಂಬುಲೆನ್ಸಿನ 108 ಸೇವೆಯು ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ನಮ್ಮ ನಾಡಿನಲ್ಲಿ 2008ರ ರಾಜ್ಯೋತ್ಸವದ ದಿನ ಆರಂಭವಾದುದು ವಾಚಕರಿಗೆ ನೆನಪಿರಬಹುದು. ದೇಶಕ್ಕೆಲ್ಲ ಒಂದೇ ಆದ 112ನ್ನೂ ಕರೆಯಬಹುದು.

ಇನ್ನು, ಬೀಗದ ಕೈಯ ವಿಷಯ. ನಿಜವಾಗಿ ಮೂರ್ಛೆರೋಗವೇ ಬಂದು ಕೈಕಾಲು ಸೆಟೆದು ಅದುರುತ್ತಿದ್ದರೂ ಕಬ್ಬಿಣದಿಂದ ಏನೂ ಆಗುವುದಿಲ್ಲ. ಈರುಳ್ಳಿಯ ವಾಸನೆಯಿಂದಲೂ, ಚಪ್ಪಲಿಯ ವಾಸನೆಯಿಂದಲೂ ಆಗುವುದಿಲ್ಲ. ಅದುರುವಿಕೆಯು ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಆ ಹೊತ್ತಿಗೆ ಕೈಯಲ್ಲಿದ್ದ ಬೀಗದ ಕೈಗೆ ಕೀರ್ತಿ ಬಂದಿದೆ. ಹಲ್ಲುಗಳ ನಡುವೆ ಚಮಚವನ್ನು ತುರುಕಬಾರದು, ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಕಲ್ಲು ಕಂಬಗಳಿಗೆ ತಾಗದಂತೆ ನೋಡಿಕೊಂಡು, ತಲೆಯ ಕೆಳಗೆ ಮೆತ್ತಗಿನದೇನನ್ನಾದರೂ ಇಟ್ಟು, ನಿಂತೊಡನೆ ಮಗ್ಗುಲಿಗೆ ಹೊರಳಿಸಿದರೆ ಸಾಕು. ಐದು ನಿಮಿಷ ಮೀರಿದರೆ ಆಂಬುಲೆನ್ಸು ಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ, ಯಾವ ಕಾಯಿಲೆಯೇ ಆಗಿರಲಿ, ನೀರನ್ನಾಗಲಿ ಗಂಗೆಯನ್ನಾಗಲಿ ಬಿಡಕೂಡದು; ಅದು ಉಸಿರಿನ ದಾರಿಯನ್ನು ಹಿಡಿಯುತ್ತದೆ. ಬಿಸಿಲಿಗೋ ಉಪವಾಸಕ್ಕೋ ತಲೆಸುತ್ತಿ ಬಿದ್ದು ಉಸಿರಾಡುತ್ತಿರುವವರನ್ನು ಎಬ್ಬಿಸಿ ಕೂರಿಸದೆ, ಮಲಗಿಸಿ ಕಾಲುಗಳನ್ನು ಸ್ವಲ್ಪ ಮೇಲಕ್ಕೆತ್ತಬೇಕು. ಸಕ್ಕರೆ ಕಾಯಿಲೆಯವರು ಬೆವತು ನಡುಗಿ ತಡವರಿಸಿದರೆ, ನುಂಗುವ ಶಕ್ತಿಯಿರುವಾಗಲೇ ಸಕ್ಕರೆಯ ನೀರನ್ನು ಕುಡಿಸಬೇಕು. ಒಬ್ಬರ ಮುಖ ಒಂದು ಕಡೆಗೆ ಸೊಟ್ಟಗಾಗಿ, ಒಂದು ತೋಳು ಮೇಲಕ್ಕೇಳದೆ, ಮಾತು ತೊದಲಿದರೆ ಅದು ಪಾರ್ಶ್ವವಾಯು; ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಗಳ ಗಡುವು ಮಾತ್ರ ಇರುವುದು. ಪಾರಿವಾಳದ ರಕ್ತವನ್ನು ಹುಡುಕುತ್ತ ಆ ಗಡುವನ್ನು ಕಳೆದುಕೊಂಡ ಕುಟುಂಬಗಳು ನಮಗೆ ಗೊತ್ತಿವೆ.

ಆದರೆ ಗೃಹಸ್ಥರ ಕಣ್ಣೆದುರಿಗೆ ಹೆಚ್ಚಾಗಿ ನಡೆಯುವುದು ಊಟದ ಪಂಕ್ತಿಯ ಸಂಗತಿ. ಯಾರಿಗಾದರೂ ನೆತ್ತಿ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಎಂದು ನಕ್ಕು ತಲೆಯನ್ನು ತಟ್ಟುವುದು ನಮ್ಮ ಪದ್ಧತಿ. ಕೆಮ್ಮು ಬರುತ್ತಿರುವವರೆಗೆ ಚಿಂತೆಯಿಲ್ಲ. ಕೆಮ್ಮುವವನನ್ನು ಕೆಮ್ಮಲು ಬಿಡಬೇಕು. ಕೆಮ್ಮು ಬಾರದೆ, ಮಾತು ಹೊರಡದೆ, ಕೈಯೆರಡೂ ಕುತ್ತಿಗೆಗೆ ಹೋಗಿ ಮುಖ ಕಪ್ಪಿಟ್ಟರೆ ಅದು ಬೇರೆ. ಆಗ ನೆತ್ತಿಯನ್ನು ತಟ್ಟಿದರೆ ಗಂಟಲಲ್ಲಿರುವುದು ಕದಲುವುದಿಲ್ಲ.

ಬಸ್ಸು ನಿಲ್ದಾಣದ ಸಂಗತಿಯು ನಡೆದು ಎರಡು ವರ್ಷಗಳಾದ ಮೇಲೆ ಬಂಧುಗಳ ಮನೆಯ ಮದುವೆಯಲ್ಲಿ ನಾವು ಇದನ್ನು ಕಂಡೆವು. ನಮ್ಮ ಎದುರಿನ ಸಾಲಿನಲ್ಲಿ ವಧುವಿನ ಸೋದರಮಾವನವರು ಪಕ್ಕದವರೊಡನೆ ನಗುತ್ತ ಹೋಳಿಗೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. ನಗು ಅರ್ಧಕ್ಕೆ ನಿಂತಿತು. ಅವರು ಎದ್ದುನಿಂತರು. ಬಾಯಿ ತೆರೆದಿದ್ದರೂ ಶಬ್ದವಿಲ್ಲ. ಪಕ್ಕದವರು ನೆತ್ತಿಯನ್ನು ತಟ್ಟಿ ನೀರಿನ ಲೋಟವನ್ನು ಒಡ್ಡಿದರು. ಅಷ್ಟರಲ್ಲಿ ಬಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ಹುಳಿಯ ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಓಡಿಬಂದಳು. ವಿಚಾರಿಸಲಾಗಿ, ಆಕೆ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿಯೆಂದು ಆಮೇಲೆ ತಿಳಿಯಿತು. ‘ಮಾವ, ಬಗ್ಗಿ’ ಎಂದು ಅವರನ್ನು ಮುಂದಕ್ಕೆ ಬಾಗಿಸಿ, ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ ಬಲವಾಗಿ ಐದು ಪೆಟ್ಟು ಕೊಟ್ಟಳು. ಹಿರಿಯರಿಗೆ ಹೊಡೆಯುವುದೆಂದರೇನೆಂದು ಯಾರೋ ಗದರಿಸಿದರು. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಹಿಂದಿನಿಂದ ಅವರ ನಡುವನ್ನು ಎರಡು ತೋಳುಗಳಿಂದಲೂ ಬಳಸಿ, ಒಂದು ಮುಷ್ಟಿಯನ್ನು ಹೊಕ್ಕುಳಿನ ಸ್ವಲ್ಪ ಮೇಲಿಟ್ಟು, ಮತ್ತೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಥಟ್ಟನೆ ಎಳೆದಳು. ಮೂರನೆಯ ಸಲಕ್ಕೆ ಹೋಳಿಗೆಯ ಚೂರು ಎಲೆಯ ಮೇಲೆ ಬಿದ್ದಿತು. ಸೋದರಮಾವನವರು ದೊಡ್ಡದಾಗಿ ಉಸಿರೆಳೆದು ಕುಳಿತುಬಿಟ್ಟರು. ಗದರಿಸಿದವರೇ ಮೊದಲು ಅಳಲಾರಂಭಿಸಿದರು.

ಹೊಟ್ಟೆಯನ್ನು ಹೀಗೆ ಒತ್ತುವ ಉಪಾಯವನ್ನು 1974ರಲ್ಲಿ ಪ್ರಕಟಿಸಿದವರು ಅಮೆರಿಕದ ಶಸ್ತ್ರವೈದ್ಯ ಹೆನ್ರಿ ಹೈಮ್ಲಿಕ್. 2016ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ವೃದ್ಧರ ನಿವಾಸದ ಊಟದ ಮೇಜಿನಲ್ಲಿ ಪಕ್ಕದಲ್ಲಿದ್ದ ವೃದ್ಧೆಯೊಬ್ಬರಿಗೆ ಇದೇ ಉಪಾಯವನ್ನು ಮಾಡಿ ಅವರು ತಾವೇ ಉಳಿಸಿದರು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆಯನ್ನು ಒತ್ತಲೇಬಾರದು: ಮುಂಗೈಯ ಮೇಲೆ ತಲೆ ತಗ್ಗಾಗಿ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು, ಹೀಗೆ ಬಿಡದೆ ಮಾಡಬೇಕು. ಕಣ್ಣಿಗೆ ಕಾಣದುದನ್ನು ಬೆರಳು ಹಾಕಿ ತಡಕಿದರೆ ಮತ್ತಷ್ಟು ಒಳಕ್ಕೆ ಹೋಗುತ್ತದೆ. ಕಡಲೆಕಾಯಿ ಬೀಜ, ಇಡಿಯ ದ್ರಾಕ್ಷಿ, ಕೊಬ್ಬರಿಯ ಚೂರು ಇವನ್ನು ಸಣ್ಣ ಮಕ್ಕಳ ಕೈಗೆ ಕೊಡದಿರುವುದೇ ಲೇಸು.

ಆ ಮದುವೆಯಿಂದ ಹಿಂದಿರುಗಿದ ಮೇಲೆ ನಾವು ಮನೆಯವರೊಂದಿಗೆ ಒಂದು ದಿನದ ತರಗತಿಗೆ ಹೋಗಿ ಬಂದೆವು. ಕಲಿತುದು ಮರೆತುಹೋಗಬಾರದೆಂದು ಈಗ ತಿಂಗಳಿಗೊಂದು ಭಾನುವಾರ ನಡುಮನೆಯಲ್ಲಿ ಗಟ್ಟಿಯಾದ ಹತ್ತಿಯ ದಿಂಬನ್ನು ಹಾಕಿಕೊಂಡು ಅಭ್ಯಾಸ ಮಾಡುತ್ತೇವೆ. ಮೊಮ್ಮಗಳು ಗಡಿಯಾರ ಹಿಡಿದು ಎಣಿಸುತ್ತಾಳೆ. ಮೊದಲ ಸಲ ನಾವು ಮಂಡಿಯೂರಿ ಒತ್ತುತ್ತಿದ್ದಾಗ, ಎಂಬತ್ತಾರು ವರ್ಷದ ನಮ್ಮ ತಾಯಿಯವರು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ‘ದಿಂಬಿಗೆ ಏನಾಗಿದೆಯೋ?’ ಎಂದು ಕೇಳಿದರು. ಹೇಳಿದೆವು. ಮತ್ತೂ ಸ್ವಲ್ಪ ನೋಡಿ, ‘ಹಾಗಲ್ಲ, ಮೊಣಕೈ ಮಡಿಸುತ್ತಿದ್ದೀಯೆ. ತೋಳಿನಲ್ಲಿ ಕುಟ್ಟಿದರೆ ಅರ್ಧ ಸೇರು ಭತ್ತಕ್ಕೇ ಸುಸ್ತಾಗುತ್ತೀಯೆ. ಸೊಂಟದಿಂದ ಬರಬೇಕು ಬಲ’ ಎಂದು, ಕುಳಿತಲ್ಲಿಂದಲೇ ಇಲ್ಲದ ಒನಕೆಯನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದರು. ಮೊಮ್ಮಗಳು ಗಡಿಯಾರ ನೋಡಿದಳು. ನಿಮಿಷಕ್ಕೆ ನೂರ ಎಂಟು.